ಸುಳ್ಳು ನೀರು

“ಇವ್ನಿಗೆ ಹೆಣ್ಣು ಕೊಡೋ ಬದ್ಲು ಆ ಒಲೆ ಕೈಲಿ ತಾಳಿ ಕಟ್ಟಿಸ್ರಪ್ಪ. ಒಲೆಯಾದ್ರೆ ಅಡುಗೆ ಮುಗುದ್ಮೇಲಾದ್ರೂ ಆರ್ತೈತೆ.”

ಹೊಂಬಾಳಮ್ಮ ಈ ಮಾತು ಹೇಳಿದ್ದು ನನ್ನೊಬ್ಬನ ಕಿವಿಗಲ್ಲ. ಟೈಲರ್ ಗುರುಸಿದ್ದಪ್ಪನ ಮನೆಯ ಮುಂದೆ ಚಪ್ಪರ ಹಾಕಿ, ಎರಡೂ ಕಡೆಯ ನೆಂಟರನ್ನು ಚಾಪೆಯ ಮೇಲೆ ಕೂರಿಸಿ, ವೀಳ್ಯದ ತಟ್ಟೆಯನ್ನು ನಡುವೆ ಇಟ್ಟು, ಇನ್ನೇನು ಅವನ ಮಗಳು ಇಂದ್ರಾಣಿ ನನಗೆ ಅಂತ ಆಗಬೇಕು ಅನ್ನುವಷ್ಟರಲ್ಲಿ ಹೇಳಿದಳು. ಮೊದಲು ಯಾರೂ ನಗಲಿಲ್ಲ. ಆಮೇಲೆ ಬಾಗಿಲ ಹಿಂದೆ ಕಾಫಿ ಲೋಟಗಳು ಕಿಣಿಕಿಣಿ ಅಂದವು. ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಇಂದ್ರಾಣಿಯೇ ನಗುತ್ತಿದ್ದಾಳೆ ಅಂತ ಅದರಿಂದ ಎಲ್ಲರಿಗೂ ಗೊತ್ತಾಯಿತು. ಮದುವೆ ಹೆಣ್ಣೇ ನಕ್ಕ ಮೇಲೆ ನೆಂಟರಿಗೇನು, ಚಪ್ಪರವೆಲ್ಲ ನಕ್ಕಿತು.

ನಾನು ಎದ್ದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. “ಸಾಯೋ ಮುದುಕಿ” ಅಂದದ್ದು ನೆನಪಿದೆ, ಊರಿಗೂ ನೆನಪಿದೆ. ವೀಳ್ಯದ ತಟ್ಟೆಗೆ ನನ್ನ ಕಾಲು ತಾಗಿತು. ತಾಗಿತೋ, ತಾಗಿಸಿದೆನೋ, ಆ ವಾದ ನಮ್ಮೂರಲ್ಲಿ ಇವತ್ತಿಗೂ ಮುಗಿದಿಲ್ಲ. ಎಲೆಗಳು ಹಾರಿ ನೆಂಟರ ತೊಡೆಯ ಮೇಲೆ, ಪೇಟದ ಮೇಲೆ ಕೂತವು. ಗುರುಸಿದ್ದಪ್ಪ ಒಂದೊಂದನ್ನೇ ಹೆಕ್ಕಿ, ಪಂಚೆಯಲ್ಲಿ ಒರೆಸಿ, ತಟ್ಟೆಗೆ ಜೋಡಿಸುತ್ತ ಕೇಳಿದ.

“ನಿಂಗೆ ಶಾಂತರಾಜು ಅಂತ ಹೆಸ್ರಿಟ್ಟೋರು ಯಾರಪ್ಪ?”

“ನಮ್ಮಪ್ಪ.”

“ಪಾಪ, ಭಾಳ ಆಸೆ ಇಟ್ಕಂಡಿದ್ದ ಮನುಷ್ಯ.” ತಟ್ಟೆಯನ್ನು ಒಳಗೆ ಕೊಟ್ಟು ಕೈ ಒರೆಸಿಕೊಂಡ. “ಹದ ಬದ್ಲಾಗ್ಲಿ. ಆಮೇಲೆ ನೋಡಾಣ.”

ಗುರುಸಿದ್ದಪ್ಪ ಹಾಗಂದದ್ದು ಸುಮ್ಮನೆ ಸಾಗಹಾಕುವುದಕ್ಕೆ. ಹದ ಬದಲಾಗುವುದು ಅವನಿಗೆ ಬೇಕಿರಲಿಲ್ಲ. ಅದು ಯಾಕೆ ಅಂತ ಹೇಳುತ್ತೇನೆ.

ನಮ್ಮೂರಲ್ಲಿ ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಸೆಕೆ ಇವೆಲ್ಲ ಮೊದಲು ಹೊಂಬಾಳಮ್ಮನಿಗೆ ಬರಬೇಕು, ಆಮೇಲೆ ಮಿಕ್ಕವರಿಗೆ. ಅವಳಿಗೆ ಹಸಿದರೆ ಊರಿಗೆ ಹಸಿವು. ಅವಳು ಆಕಳಿಸಿದರೆ ಮೇಷ್ಟ್ರು ಪಾಠದ ನಡುವೆ ಆಕಳಿಸುತ್ತಾರೆ, ಮಕ್ಕಳೂ ಆಕಳಿಸುತ್ತಾರೆ, ಶಾಲೆ ಬಿಡುತ್ತದೆ. ಇದಕ್ಕೆ ಹದ ಅಂತ ಹೆಸರು. ಹೊಂಬಾಳಮ್ಮನಿಗೆ ಮುಂಚೆ ಅವಳ ಸೋದರತ್ತೆ ಹದ ಹಿಡಿದಿದ್ದಳು. ಆ ಸೋದರತ್ತೆ ತನ್ನ ಕೈಯಾರೆ ಇವಳ ನೆತ್ತಿಗೆ ಬೆಚ್ಚಗಿನ ಹರಳೆಣ್ಣೆ ಇಟ್ಟಳು, ಹದ ದಾಟಿತು. ಸಿಟ್ಟು ಮಾತ್ರ ನಮ್ಮಲ್ಲಿ ಅವರವರದು. ಏರಿಸಿಕೊಳ್ಳುವುದು ನಮ್ಮ ಇಷ್ಟ, ಇಳಿಸುವುದು ಅವಳ ಪಾಲಿಗೆ ಬಿಟ್ಟದ್ದು. ಅವಳ ನೆತ್ತಿ ತಣ್ಣಗಿದ್ದರೆ ನಮ್ಮದೂ ತಣ್ಣಗಾಗುತ್ತದೆ.

ಅವಳು ಗಟ್ಟಿಯಾಗಿದ್ದ ಕಾಲದಲ್ಲಿ ಊರು ಹೇಗಿತ್ತು ಅಂತ ಹಿರಿಯರು ಈಗಲೂ ಬಾಯಿ ಚಪ್ಪರಿಸುತ್ತಾರೆ. ಹೊತ್ತಿಗೆ ಸರಿಯಾಗಿ ಹಸಿವು, ತಲೆ ದಿಂಬಿಗೆ ತಾಗುತ್ತಲೇ ನಿದ್ದೆ. ಮದುವೆ ಮನೆಯ ಅಡುಗೆ ಭಟ್ಟರು ಒಗ್ಗರಣೆ ಹಾಕುವ ಮೊದಲು ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡುತ್ತಿದ್ದರಂತೆ. ಘಮಲು ಹೊಂಬಾಳಮ್ಮನ ಮನೆ ಮುಟ್ಟಿದರೆ ಸಾಕು, ಪಂಕ್ತಿಯಲ್ಲಿ ಅನ್ನ ಮಿಗುತ್ತಿರಲಿಲ್ಲ. ಸಿಟ್ಟೂ ಹಾಗೇ. ಅತ್ತೆ ಸೊಸೆ ಜುಟ್ಟು ಹಿಡಿದುಕೊಂಡರೂ ಸಾರು ಕುದಿಯುವಷ್ಟರಲ್ಲಿ ಇಬ್ಬರೂ ಕೂತು ಒಬ್ಬರಿಗೊಬ್ಬರು ಹೇನು ನೋಡಿಕೊಳ್ಳುತ್ತಿದ್ದರು.

ಅವಳಿಗೆ ವಯಸ್ಸಾಗುತ್ತಿದೆ ಅಂತ ಮೊದಲು ಗೊತ್ತಾದದ್ದು ಟೆಂಟ್ ಸಿನಿಮಾದವನಿಗೆ. ಎರಡನೇ ಆಟದಲ್ಲಿ ಜನ ಕೂತಲ್ಲೇ ಗೊರಕೆ ಹೊಡೆಯತೊಡಗಿದರು. ಆಮೇಲೆ ಮೊದಲನೇ ಆಟದಲ್ಲೂ. ನನ್ನ ವಾರಿಗೆಯವರಿಗೆ ನಾಯಕ ನಾಯಕಿಗೆ ಹೊಡೆದಾಟವಿಲ್ಲದೆ ಮದುವೆಯಾಗುತ್ತದೆ ಅಂತಲೇ ನಂಬಿಕೆ, ಏಕೆಂದರೆ ಕೊನೆಯ ಹೊಡೆದಾಟದವರೆಗೆ ನಾವು ಯಾರೂ ಎಚ್ಚರವಿದ್ದವರಲ್ಲ. ಸಂಜೆಗೇ ಮಲಗಿ, ಕೋಳಿ ಕೂಗುವ ಮೊದಲೇ ಊರು ಎದ್ದು ಕೂರುತ್ತಿತ್ತು. ಕೋಳಿಗಳು ಪಾಪ ಎದ್ದು ಕೂಗಿದರೆ “ಈಗ ಬಂದ ನೋಡು ದೊಡ್ಡ ಮನುಷ್ಯ” ಅಂತ ಬೈಸಿಕೊಳ್ಳುತ್ತಿದ್ದವು.

ಆಮೇಲೆ ಚಳಿ. ಚೈತ್ರ ವೈಶಾಖದ ಬಿಸಿಲಲ್ಲಿ ಅವಳು ಕಂಬಳಿ ಹೊದ್ದಳು. ಊರು ನಡುಗಿತು. ಬೆವರು ಸುರಿಸಿಕೊಂಡು ನಡುಗುವ ಜನರನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ, ನಾನೇ ನಡುಗಿದ್ದೇನೆ. ಗುರುಸಿದ್ದಪ್ಪನ ಹೊಲಿಗೆ ಯಂತ್ರಕ್ಕೆ ಆಗ ಶುಕ್ರದೆಸೆ ಬಂತು. ಮಂಕಿ ಟೋಪಿ, ದಪ್ಪ ಬಟ್ಟೆಯ ಕೋಟು, ಎರಡು ಪದರದ ರವಿಕೆ. ಎಮ್ಮೆ ಮೇಯಿಸುವವನೂ ಕೋಟು ಹಾಕಿಕೊಂಡು ಎಮ್ಮೆಯ ಹಿಂದೆ ಸಾಹೇಬನ ಹಾಗೆ ಹೋಗುತ್ತಿದ್ದ. ಹದ ಬದಲಾಗುವುದು ಗುರುಸಿದ್ದಪ್ಪನಿಗೆ ಯಾಕೆ ಬೇಡವಾಗಿತ್ತು ಅಂತ ಈಗ ತಿಳಿಯಿತಲ್ಲ.

ನನ್ನ ಪಾಡು ತಿರುಗುಮುರುಗು. ನಾನು ಗೋಲಿಸೋಡಾ ಮಾರುವವನು. ಏಳನೇ ಕ್ಲಾಸಿನ ನಡುವೆ ಮೇಷ್ಟ್ರ ಜೊತೆ ಜಗಳವಾಡಿ ಬಿಟ್ಟುಬಂದ ದಿನ ಅಪ್ಪ ಒಂದು ಮಾತೂ ಆಡದೆ ತಳ್ಳುಗಾಡಿಯ ಹಿಡಿಯನ್ನು ನನ್ನ ಕೈಗೆ ಕೊಟ್ಟಿದ್ದ. ಹೊಂಬಾಳಮ್ಮನಿಗೆ ಹಸಿವು ಕಮ್ಮಿಯಾಯಿತು, ನಿದ್ದೆ ಹಿಂದೆಮುಂದೆ ಆಯಿತು, ಬಾಯಾರಿಕೆ ಮಾತ್ರ ಪೂರ್ತಿ ಹೋಯಿತು. ನೆತ್ತಿಯ ಮೇಲೆ ಸೂರ್ಯ ಕೂತಿದ್ದರೂ ಒಬ್ಬನಿಗೂ ನೀರು ಬೇಡ. ಬಾಟಲಿಯ ಕುತ್ತಿಗೆಯಲ್ಲಿ ಕೂತ ಗೋಲಿಗಳು ದಿನವೆಲ್ಲ ನನ್ನನ್ನೇ ನೋಡುತ್ತಿದ್ದವು. ನಾನೂ ಅವನ್ನು ನೋಡುತ್ತಿದ್ದೆ, ಒಂದನ್ನು ಒಡೆದು ಕುಡಿಯೋಣ ಅಂತ ನನಗೂ ಅನ್ನಿಸುತ್ತಿರಲಿಲ್ಲ.

ಬೇಡ ಅಂತ ಅನ್ನಿಸಿದರೇನು, ಮೈಗೆ ನೀರು ಬೇಕಲ್ಲ. ಜನ ಬೀಳತೊಡಗಿದರು. ಅಂಚೆಯವನು ಸೈಕಲ್ ಮೇಲಿಂದ ಬಿದ್ದ. ಇಟ್ಟಿಗೆ ಗೂಡಿನ ಹೆಂಗಸರು ಬಾಂಡಲಿ ಹೊತ್ತಲ್ಲೇ ಕುಸಿದರು. ಮೇಷ್ಟ್ರು ಬೆತ್ತ ಎತ್ತಿದವರು ಎತ್ತಿದ ಹಾಗೇ ಬಿದ್ದರು, ಆವತ್ತು ಒಂದು ಗಳಿಗೆ ನನಗೆ ಖುಷಿಯಾಯಿತು ಅನ್ನಬೇಕು.

ಅದೇ ಬೇಸಗೆಯಲ್ಲಿ ಸರ್ಕಾರದವರು ವಾರಿಜಾ ಅನ್ನುವ ಡಾಕ್ಟರಮ್ಮನನ್ನು ನಮ್ಮೂರಿಗೆ ಹಾಕಿದರು. ಬಿದ್ದವರ ನಾಡಿ ನೋಡಿ ನೋಡಿ ಸಾಕಾಗಿ, ಕೊನೆಗೆ ಆಕೆ ನೇರ ಹೊಂಬಾಳಮ್ಮನ ಜಗಲಿಗೇ ಬಂದಳು. ನಾವೆಲ್ಲ ಸುತ್ತ ನಿಂತೆವು. ಕಣ್ಣು ನೋಡಿದಳು, ನಾಲಗೆ ನೋಡಿದಳು, ಚೀಲದಿಂದ ಒಂದು ಬಾದಾಮಿ, ಒಂದು ಬಟಾಣಿ ಕಾಳು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು.

“ನೋಡಿ ಅಜ್ಜಿ, ಮಿದುಳಿನ ಅಡಿಯಲ್ಲಿ ಇಷ್ಟೇ ಇಷ್ಟು ಜಾಗ ಇರುತ್ತೆ, ಈ ಬಾದಾಮಿಯಷ್ಟು. ಅದರ ಕೆಳಗೆ ಈ ಬಟಾಣಿಯಷ್ಟು ಒಂದು ಗ್ರಂಥಿ ಜೋತುಬಿದ್ದಿರುತ್ತೆ. ಬಾದಾಮಿ ಹೇಳುತ್ತೆ, ಬಟಾಣಿ ಕೇಳುತ್ತೆ. ಕೇಳಿ ರಕ್ತಕ್ಕೆ ರಸ ಬಿಡುತ್ತೆ, ಅದಕ್ಕೆ ಹಾರ್ಮೋನು ಅಂತೀವಿ. ಹಸಿವು, ನೀರು, ನಿದ್ದೆ, ಮೈಯ ಬಿಸಿ ಎಲ್ಲದರ ಯಜಮಾನಿಕೆ ಅಲ್ಲಿದೆ. ವಯಸ್ಸಾದ ಹಾಗೆ ಅದಕ್ಕೆ ಸುದ್ದಿ ತಡವಾಗಿ ಮುಟ್ಟುತ್ತೆ. ಮೈಯಲ್ಲಿ ನೀರು ಕಮ್ಮಿ ಆದ್ರೂ ಬಾಯಾರಿಕೆ ಅಂತ ಕೂಗಲ್ಲ. ಸಿಟ್ಟು ಬಂದಾಗಲೂ ಅಷ್ಟೆ, ಏರಿಸೋ ರಸ ಬಿಡುತ್ತೆ, ಸಾಕು ನಿಲ್ಲಿಸು ಅನ್ನೋದು ಅದಕ್ಕೆ ಬೇಗ ಕೇಳಿಸಲ್ಲ.”

“ಯಾರಿಗೆ, ಬಟಾಣಿಗಾ?” ಅಂದಳು ಹೊಂಬಾಳಮ್ಮ.

“ಇಬ್ಬರಿಗೂ.”

“ಅಂದ್ರೆ ನನ್ನ ತಲೇಲಿ ಇಬ್ರು ಕಿವುಡ್ರು ಔರೆ ಅನ್ನು.”

“ಕಾಯಿಲೆ ಅಲ್ಲ ಅಜ್ಜಿ, ವಯಸ್ಸು. ಬಾಯಾರಲಿ ಅಂತ ಕಾಯಬೇಡಿ. ಬಾಯಾರದಿದ್ರೂ ಹೊತ್ತುಹೊತ್ತಿಗೆ ನೀರು ಕುಡೀರಿ. ಊರವರೂ ಕುಡೀಲಿ.”

ಹೊಂಬಾಳಮ್ಮ ಬೆನ್ನು ನೆಟ್ಟಗೆ ಮಾಡಿದಳು. “ಬಾಯಾರದೆ ಕುಡಿಯೋದು ಸುಳ್ಳು ನೀರು ಕಣವ್ವ. ಈ ಊರು ನನ್ನ ನೆತ್ತಿ ನಂಬ್ಕಂಡು ಕುಂತೈತೆ. ಹಸೀದೆ ಒಂದು ತುತ್ತು ಉಂಡೋಳಲ್ಲ ನಾನು. ಬಾರದ್ದನ್ನ ಬಂತು ಅಂತ ತೋರ್ಸಿದ್ರೆ ಹದ ಹಿಡಿದೋಳಿಗೂ ನಾಟಕದೋಳಿಗೂ ಏನವ್ವ ವ್ಯತ್ಯಾಸ?”

ಸುತ್ತ ನಿಂತವರೆಲ್ಲ ತಲೆದೂಗಿದರು. ತಲೆದೂಗುತ್ತ ಒಬ್ಬ ಹಿಂದಕ್ಕೆ ವಾಲಿ ಬಿದ್ದ, ಅವನನ್ನು ಎತ್ತಿ ನೆರಳಿಗೆ ಹಾಕಿದರು. ಹೊಂಬಾಳಮ್ಮ ಡಾಕ್ಟರಮ್ಮನ ಅಂಗೈಯಿಂದ ಬಾದಾಮಿ ತೆಗೆದು ನನ್ನ ಕಡೆ ಚಾಚಿದಳು. “ತಗಳ್ಳಾ ಶಾಂತರಾಜು, ತಿನ್ನು. ನಿನ್ನ ತಲೇಲಿ ಆ ಜಾಗ ಖಾಲಿ ಇರ್ಬೋದು.”

ನಾನು ತಿನ್ನಲಿಲ್ಲ. ಎಸೆದೆ. ಆ ಸಿಟ್ಟು ಇಳಿಯಲು ಎರಡು ದಿನ ಬೇಕಾಯಿತು. ಹದ ಹಿಡಿದವಳು ಕುಡಿಯದ ಸುಳ್ಳು ನೀರನ್ನು ಊರಲ್ಲಿ ಯಾರೂ ಕುಡಿಯಲಿಲ್ಲ. ಡಾಕ್ಟರಮ್ಮನಿಗೂ ನಮ್ಮೂರು ಹತ್ತಿತು. ಸ್ವಲ್ಪ ದಿನಕ್ಕೆ ಆಕೆಯ ತುಟಿಯೂ ಒಡೆದು, ಕೋಟಿನ ಮೇಲೊಂದು ಮಂಕಿ ಟೋಪಿ ಹಾಕಿಕೊಂಡು, ನೀರು ಕುಡಿಯಿರಿ ಅಂತ ಊರಿಗೆ ಹೇಳಿ ತಾನು ಕುಡಿಯಲು ಮರೆಯುತ್ತಿದ್ದಳು.

ನನ್ನ ನಿಶ್ಚಿತಾರ್ಥ ಚೆಲ್ಲಾಪಿಲ್ಲಿ ಆದದ್ದು ಇಷ್ಟೆಲ್ಲ ಆದ ಮೇಲೆ. ಚಪ್ಪರದಿಂದ ಮನೆಗೆ ಬರುವ ದಾರಿಯಲ್ಲೇ ನನಗೊಂದು ವಿಷಯ ಖಾತ್ರಿಯಾಯಿತು. ತಪ್ಪು ನನ್ನದಲ್ಲ. ಸಿಟ್ಟು ಏರುವುದು ಯಾವ ಗಂಡಸಿಗೆ ಇಲ್ಲ? ನನ್ನದು ಇಳಿಯದೇ ಇರುವುದು ಆ ಮುದುಕಿಯ ಬಾದಾಮಿಯಿಂದ. ಹದ ಬೇರೆ ನೆತ್ತಿಗೆ ಹೋದರೆ ನಾನು ಹೆಸರಿಗೆ ತಕ್ಕ ಹಾಗೆ ಆಗುತ್ತೇನೆ, ಗುರುಸಿದ್ದಪ್ಪನಿಗೆ ಬೇರೆ ನೆಪ ಉಳಿಯುವುದಿಲ್ಲ, ಇಂದ್ರಾಣಿ ನನ್ನ ಮನೆಗೆ ಬರುತ್ತಾಳೆ. ಮಾರನೆಯ ದಿನವೇ ಸೋಡಾ ಗಾಡಿಯನ್ನು ಚಾವಡಿಯ ಮುಂದೆ ನಿಲ್ಲಿಸಿ, ಅದರ ಮೇಲೆ ಹತ್ತಿ ಕೂಗಿದೆ. ಊರು ಒಣಗಿ ಸಾಯುತ್ತಿದೆ, ಹದ ಬದಲಾಯಿಸಿ ಅಂದೆ. ಜನಕ್ಕೂ ಬೀಳುವುದು ಏಳುವುದು ಸಾಕಾಗಿತ್ತು. ಚಾವಡಿಯ ಯಜಮಾನ ಬೋರಲಿಂಗಯ್ಯ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದು, “ಆಯ್ತು, ಯಾರ ನೆತ್ತಿಗೆ?” ಅಂದ.

ಅದೇ ಕಷ್ಟ. ಗರಡಿಯ ಪೈಲ್ವಾನನ ಹೆಸರು ಬಂತು. ಅವನಿಗೆ ಹೊತ್ತೊಂದಕ್ಕೆ ನಾಲ್ಕು ಸಲ ಹಸಿವು, ಊರ ಕಣಜ ಯಾವ ಮೂಲೆಗೆ ಸಾಲುತ್ತದೆ ಅಂತ ಬಿಟ್ಟರು. ಮೇಷ್ಟ್ರ ಹೆಸರು ಬಂತು. ಅವರು ಮಧ್ಯಾಹ್ನ ಉಂಡರೆ ಸಂಜೆಯವರೆಗೂ ತೂಕಡಿಸುವವರು. ಹೊಸದಾಗಿ ಮದುವೆಯಾದ ಬಸ್ ಕಂಡಕ್ಟರ್ ಕೈ ಎತ್ತಿದ. ಊರೆಲ್ಲ ಅವನ ಕಡೆ ನೋಡಿ ನಕ್ಕಿತು, ಅವನ ಹೆಂಡತಿ ಅವನ ಕೈ ಹಿಡಿದು ಕೆಳಗಿಳಿಸಿದಳು. ಹದ ಹಿಡಿದವರಿಗೆ ಮದುವೆ ಇಲ್ಲ ಅಂತ ನಮ್ಮಲ್ಲಿ ಕಟ್ಟು. ಅವರಿಗೆ ಬಂದದ್ದೆಲ್ಲ ಊರಿಗೂ ಬರುತ್ತದಲ್ಲ, ಬಿಡಿಸಿ ಹೇಳುವುದೇನಿದೆ.

ಗುಂಪಿನ ಹಿಂದಿನಿಂದ ಒಂದು ಹೆಂಗಸು ಹೇಳಿತು. “ಟೈಲರ್ ಮಗ್ಳು ಐತಲ್ಲ, ಇಂದ್ರಾಣಿ. ಆ ಹುಡ್ಗಿ ಸಿಟ್ಟು ಮಾಡ್ಕಂಡಿದ್ದು ಯಾರಾದ್ರೂ ನೋಡಿದೀರಾ? ಊಟ ನಿದ್ದೆ ಗಡಿಯಾರ ಇದ್ದಂಗೆ.”

ಯಾರೂ ನೋಡಿರಲಿಲ್ಲ. ಗುರುಸಿದ್ದಪ್ಪ ಮೊದಲು ಕೋಟುಗಳನ್ನು ನೆನೆದು ಮುಖ ಹುಳ್ಳಗೆ ಮಾಡಿದ. ಹದ ಹಿಡಿದವಳ ಅಪ್ಪನಿಗೆ ಊರ ಪಂಕ್ತಿಯಲ್ಲಿ ಮೊದಲನೇ ಎಲೆ ಅನ್ನುವುದು ಆಮೇಲೆ ಹೊಳೆದು, ಹೆಗಲ ಮೇಲಿನ ಅಳತೆ ಟೇಪನ್ನು ಶಲ್ಯದ ಹಾಗೆ ಸರಿಮಾಡಿಕೊಂಡ. ಬರುವ ಹುಣ್ಣಿಮೆಗೆ ಎಣ್ಣೆ ಇಡುವುದು ಅಂತ ಬೋರಲಿಂಗಯ್ಯ ಹೇಳಿದ. ಎಲ್ಲರೂ ಚದುರಿದರು. ನಾನು ಗಾಡಿಯ ಮೇಲೇ ನಿಂತಿದ್ದೆ, ಬಾಯಿ ತೆರೆದುಕೊಂಡು.

ಮಧ್ಯಾಹ್ನ ಟೈಲರ್ ಅಂಗಡಿಗೆ ಹೋದೆ. ಇಂದ್ರಾಣಿ ಮೂಲೆಯಲ್ಲಿ ಕೂತು ಒಂದು ಕೋಟಿಗೆ ಗುಂಡಿ ಕಾಜಾ ಹಾಕುತ್ತಿದ್ದಳು. ಅವಳಪ್ಪ ಊಟಕ್ಕೆ ಹೋಗಿದ್ದ. ಅವಳ ತುಟಿಗಳ ನಡುವೆ ಗುಂಡುಸೂಜಿಗಳು ಸಾಲಾಗಿ ಕೂತಿದ್ದವು.

“ನಂಗೇನು ಗೊತ್ತಿತ್ತು, ನಿನ್ನ ಹೆಸ್ರು ಹೇಳ್ತಾರೆ ಅಂತ” ಅಂದೆ.

ಅವಳು ದಾರ ಎಳೆದಳು.

“ಆಗಲ್ಲ ಅನ್ನು. ನಿನ್ನ ಬಾಯಲ್ಲಿ ಹೇಳು. ನಾನು ಹೇಳಿದ್ರೆ ಒದರಾಡ್ತಾನೆ ಅಂತಾರೆ.”

ಅವಳು ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಎಲ್ಲ ಮುಗಿಯುವವರೆಗೂ ಕಾದೆ.

“ಗಾಡಿ ಮೇಲೆ ಹತ್ಕಂಡು ಕೂಗಿದೋನು ನೀನು. ಇಳ್ಕಂಡು ಬಂದು, ನೀನು ಎಬ್ಬಿಸಿದ್ದನ್ನ ಇಳ್ಸು ಅಂತ ನಂಗೆ ಹೇಳ್ತೀಯಾ?” ದನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ. “ನಂಗೆ ಸಿಟ್ಟೇ ಬರಲ್ಲ ಅಂತಾರಲ್ಲ ಊರೋರು, ದಡ್ಡರು. ಬೆಳಗಿಂದ ಸಂಜೆಗಂಟ ಬರ್ತೈತೆ. ಬಾಯಲ್ಲಿ ಸೂಜಿ ಇರ್ತಾವೆ, ಮಾತಾಡಿದ್ರೆ ನಂಗೇ ಚುಚ್ತಾವೆ, ಅದ್ಕೆ ಸುಮ್ನಿರ್ತೀನಿ. ಇದನ್ನ ಗುಣ ಅಂತ ಲೆಕ್ಕ ಹಾಕಿ ನನ್ನ ತಲೆಗೆ ಎಣ್ಣೆ ಹುಯ್ಯಕ್ಕೆ ಬತ್ತಾವ್ರೆ.”

“ಅವತ್ತು ಯಾಕೆ ನಕ್ಕೆ?”

“ಮುದುಕಿ ಹೇಳಿದ್ದು ಚೆನ್ನಾಗಿತ್ತು, ನಕ್ಕೆ. ನೀನೂ ನಕ್ಕಿದ್ರೆ ಇಷ್ಟೊತ್ತಿಗೆ ನಾನು ನಿಮ್ಮನೇಲಿ ಇರ್ತಿದ್ದೆ.” ಮತ್ತೆ ಸೂಜಿಗಳನ್ನು ತುಟಿಗೆ ಇಟ್ಟುಕೊಂಡಳು. ಮಾತು ಮುಗಿಯಿತು ಅಂತ ಅರ್ಥ.

ಅಲ್ಲಿಂದ ನೇರ ಹೊಂಬಾಳಮ್ಮನ ಮನೆಗೆ ಹೋದೆ. ಬೇಡಿಕೊಳ್ಳುವುದು ಅಂತ ತೀರ್ಮಾನ ಮಾಡಿಕೊಂಡೇ ಹೋದದ್ದು. ಅವಳು ಬಿಸಿಲು ಬೀಳುವ ಕಡೆ ಕಂಬಳಿ ಹೊದ್ದು ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಬಾರ್ಲಾ ಒಲೆ” ಅಂದಳು.

ಬೇಡಿಕೊಳ್ಳುವುದು ಅಲ್ಲಿಗೇ ಮುಗಿಯಿತು. “ನೀರು ಕುಡಿಯೋಕೆ ಏನು ದಾಡಿ ನಿಂಗೆ?” ಅಂತ ಶುರುಮಾಡಿದವನು ಮೂಗು, ಬಾಯಿ, ಅವಳ ಸೋದರತ್ತೆ, ಯಾರನ್ನೂ ಬಿಡಲಿಲ್ಲ. ಅವಳೂ ಬಿಡಲಿಲ್ಲ. ನನ್ನ ಅಪ್ಪನಿಂದ ಹಿಡಿದು ಗಾಡಿಯ ಚಕ್ರದವರೆಗೆ ಬಂದಳು. ಇಬ್ಬರಿಗೂ ಉಸಿರು ಹತ್ತಿದಾಗ ಸುಮ್ಮನಾದೆವು. ಅವಳು ಬಿಡಿಸಿದ ಬೀಜಗಳನ್ನು ಕೈಯಲ್ಲಿ ಆಡಿಸುತ್ತ ಕೂತಳು. ದನಿ ಬದಲಾಯಿತು.

“ನಮ್ಮ ಸೋದ್ರತ್ತೆ ನನ್ನ ಎಣ್ಣೆಗೆ ಕರೆದಾಗ ನಾನು ಕುಂಟಾಬಿಲ್ಲೆ ಆಡ್ತಿದ್ದೆ ಕಣ್ಲಾ. ಕಾಲು ಒಂದು ನೆಲದ ಮೇಲೆ, ಒಂದು ಮ್ಯಾಲೆ. ಹಂಗೇ ಕರ್ಕಂಡೋದ್ರು. ಆಮೇಲೆ ಆಡಕ್ಕೆ ಬಿಡ್ಲಿಲ್ಲ. ನಾನು ಕುಣುದ್ರೆ ಊರಿಗೆಲ್ಲ ಬಾಯಾರ್ತೈತೆ, ಕೆಲ್ಸ ಕೆಡ್ತೈತೆ ಅಂತ ಕೂರ್ಸುದ್ರು. ಕುಂತೋಳು ಕುಂತೇ ಇವ್ನಿ.”

“ಹಂಗಾದ್ರೆ ಇಂದ್ರಾಣಿನೂ ಕೂರುಸ್ತೀಯಾ?”

“ನಂಗೆ ಆಸೆ ಅಂದ್ಕಂಡ್ಯಾ? ನಾಳೆ ಆ ಹುಡ್ಗಿ ಹಸಿವು ನನ್ನ ಹೊಟ್ಟೆಗೆ ಬತ್ತೈತೆ. ನಂದಲ್ಲದ ಹಸಿವಲ್ಲಿ ಹೆಂಗೆ ಉಣ್ಣೋದು ಅಂತ ನಂಗೆ ಗೊತ್ತೇ ಇಲ್ಲ.”

“ಕುಡಿ ಹಂಗಾದ್ರೆ. ಊರ ಮುಂದೆ ಒಂದು ಸಲ ಕುಡಿ. ನೀನು ಕುಡಿದ್ರೆ ಎಲ್ಲಾ ಕುಡೀತಾರೆ. ಯಾರೂ ಬೀಳಲ್ಲ. ಎಣ್ಣೆ ಬೇಕಾಗಲ್ಲ.”

“ಬಾಯಾರದೆ?”

“ಬಾಯಾರದೆ.”

ಅವಳ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಆ ಮೂಲೆ ಮೇಲೆ ಹೋದರೆ ಯಾರಿಗೋ ಕೇಡು ಅಂತ ನಮಗೆಲ್ಲ ಗೊತ್ತು.

“ಸರಿ. ನಾನು ಸುಳ್ಳು ನೀರು ಕುಡೀತೀನಿ. ನೀನು ಸುಳ್ಳು ಸಮಾಧಾನ ತೋರ್ಸು.”

“ಅಂದ್ರೆ?”

“ಬಾರದ ಬಾಯಾರಿಕೆನ ಬಂತು ಅಂತ ನಾನು ತೋರುಸ್ಬೇಕಾದ್ರೆ, ಇಳೀದ ಸಿಟ್ಟನ್ನ ಇಳೀತು ಅಂತ ನೀನು ತೋರ್ಸು. ಹುಣ್ಣಿಮೆ ದಿನ ಚಾವಡಿ ಮುಂದೆ, ಅಷ್ಟು ಜನದೆದ್ರು ನಿಂಗೊಂದು ಮಾತು ಅಂತೀನಿ. ನೀನು ಕಮಕ್ ಕಿಮಕ್ ಅನ್ನದೆ ತಿರುಗ್ಕಂಡು ಹೋಗ್ಬೇಕು. ನನ್ನ ಮಾತಿಗೊಂದೇ ಅಲ್ಲ, ಯಾರು ಏನು ಅಂದ್ರೂ, ನಿನ್ನ ಮನೆ ಹೊಸಲು ದಾಟೋಗಂಟ. ಈ ಒಪ್ಪಂದ ನಮ್ಮಿಬ್ರುಲ್ಲೇ ಇರ್ಬೇಕು. ಯಾರಿಗಾದ್ರೂ ಉಸುರ್ದ್ಯೋ, ನೀರು ಚೆಲ್ತೀನಿ, ಎಣ್ಣೆ ಇಡ್ತೀನಿ.”

“ಅಷ್ಟೇ ತಾನೇ” ಅಂದೆ.

“ಅಷ್ಟೇ” ಅಂದಳು. ಒಂದು ಹುಣಸೆಬೀಜವನ್ನು ನನ್ನ ಕಡೆ ಚಿಮ್ಮಿದಳು, ಅದು ಹಣೆಗೆ ತಾಗಿತು. “ನೋಡು, ಈಗ್ಲೇ ಹುಬ್ಬು ಗಂಟಾಯ್ತು.”

ಹುಣ್ಣಿಮೆಯವರೆಗೆ ಅಭ್ಯಾಸ ಮಾಡಿದೆ. ಗೋಡೆಯ ಮುಂದೆ ನಿಂತು ನನ್ನನ್ನು ನಾನೇ ಬೈದುಕೊಂಡು, ತಿರುಗಿ ನಡೆಯುವುದು. ನನ್ನ ಬೈಗುಳಕ್ಕೆ ನನಗೇ ಸಿಟ್ಟು ಬಂದು ಎರಡು ಸಲ ಗೋಡೆಗೆ ಉತ್ತರ ಕೊಟ್ಟೆ.

ಆ ದಿನ ಬಂತು. ಬಿಸಿಲು ಕಾಯುತ್ತಿತ್ತು, ಊರೆಲ್ಲ ಕೋಟು ಟೋಪಿ ಹಾಕಿಕೊಂಡು ಚಾವಡಿಯ ಮುಂದೆ ನಡುಗುತ್ತ ನೆರೆದಿತ್ತು. ಮಣೆಯ ಮೇಲೆ ಇಂದ್ರಾಣಿ ಕೂತಿದ್ದಳು, ಕೂದಲು ಬಿಚ್ಚಿಕೊಂಡು. ತುಟಿಯಲ್ಲಿ ಸೂಜಿ ಇರಲಿಲ್ಲ, ಆದರೂ ಇದ್ದ ಹಾಗೆ ಬಿಗಿದಿದ್ದಳು. ಗುರುಸಿದ್ದಪ್ಪ ಹೊಸ ಪಂಚೆ ಉಟ್ಟು ಮೊದಲನೇ ಎಲೆಯ ಗಾಂಭೀರ್ಯದಲ್ಲಿ ನಿಂತಿದ್ದ, ಮಗಳ ಮುಖ ನೋಡಿದಾಗ ಮಾತ್ರ ಅಳತೆ ಟೇಪನ್ನು ಹಿಂಡಿಕೊಳ್ಳುತ್ತಿದ್ದ. ಡಾಕ್ಟರಮ್ಮ ಬಿದ್ದವರಿಗೆ ಅಂತ ಒಂದು ಪಕ್ಕ ಚಾಪೆ ಹಾಸಿ ಕೂತಿದ್ದಳು. ನಾನು ಗಾಡಿಯನ್ನು ಅರಳಿ ಮರದ ಬುಡಕ್ಕೆ ನಿಲ್ಲಿಸಿ, ಗುಂಪಿನ ಮುಂದೆ ಬಂದು ನಿಂತೆ.

ಹೊಂಬಾಳಮ್ಮ ಕೋಲು ಊರಿಕೊಂಡು ಬಂದಳು. ಬೋರಲಿಂಗಯ್ಯ ಎಣ್ಣೆಯ ಬಟ್ಟಲು ಚಾಚಿದ. ಅವಳು ಅದನ್ನು ಎಡಗೈಗೆ ತೆಗೆದುಕೊಂಡು ಬಲಗೈ ಚಾಚಿದಳು.

“ಒಂದು ಚೊಂಬು ನೀರು ಕೊಡ್ರಿ.”

“ಯಾಕೆ ಹೊಂಬಾಳಮ್ಮ, ಎಣ್ಣೆಗೆ ನೀರ್ಯಾಕೆ?”

“ನೀನು ಕೊಡಯ್ಯ.”

ಚೊಂಬು ಬಂತು. ಒಂದು ಕೈಯಲ್ಲಿ ಎಣ್ಣೆ, ಒಂದು ಕೈಯಲ್ಲಿ ನೀರು ಹಿಡಿದು ಅವಳು ಸುತ್ತ ನೋಡಿದಳು. ನನ್ನ ಮೇಲೆ ಕಣ್ಣು ನಿಂತಿತು. ಬಾಯಿಯ ಆ ಮೂಲೆ ಮೇಲೆ ಹೋಯಿತು.

“ಏನ್ಲಾ ಏಳ್ನೇ ಕ್ಲಾಸು. ನಿಮ್ಮಪ್ಪ ಊರ ಬಾಟ್ಲಿಗೆಲ್ಲ ಗೋಲಿ ಹಾಕ್ದ, ನಿನ್ನ ಬುರುಡೆಗೆ ಹಾಕೋದು ಮರ್ತ. ಅದ್ಕೇ ಒತ್ತುದ್ರೂ ಉಕ್ತೀಯ, ಒತ್ತದಿದ್ರೂ ಉಕ್ತೀಯ. ಉಕ್ಕುದ್ಮೇಲೆ ನೋಡುದ್ರೆ ಒಳ್ಗೆ ಏನೂ ಇಲ್ಲ, ಬರೀ ಗ್ಯಾಸು.”

ಊರು ನಕ್ಕಿತು. ಅಂಚೆಯವನು ನಕ್ಕ, ಮೇಷ್ಟ್ರು ಬೆತ್ತಕ್ಕೆ ಒರಗಿ ನಕ್ಕರು, ಡಾಕ್ಟರಮ್ಮ ಟೋಪಿಯೊಳಗೆ ನಕ್ಕಳು. ನನ್ನ ನೆತ್ತಿಯಲ್ಲಿ ಬಟಾಣಿ ಸಿಡಿಯಿತು. ಇಂಥ ಮುದುಕಿಗೆ ಕೊಡಬೇಕಾದ ಉತ್ತರಗಳು ನಾಲ್ಕೈದು ಒಟ್ಟಿಗೇ ಬಂದು ಗಂಟಲಲ್ಲಿ ನೂಕಾಡಿದವು. ಅವುಗಳಲ್ಲಿ ಒಂದಂತೂ ಬಹಳ ಚೆನ್ನಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಣೆಯ ಮೇಲೆ ಇಂದ್ರಾಣಿ ತಲೆ ಎತ್ತಿದ್ದಳು. ಅವಳು ನಗುತ್ತಿರಲಿಲ್ಲ.

ತುಟಿಗಳ ನಡುವೆ ಸಾಲಾಗಿ ಸೂಜಿ ಇಟ್ಟುಕೊಂಡಿದ್ದೇನೆ ಅಂತ ಅಂದುಕೊಂಡೆ. ಬಾಯಿ ತೆರೆದರೆ ನನಗೇ ಚುಚ್ಚುತ್ತವೆ. ತಿರುಗಿದೆ. ಜನ ದಾರಿ ಬಿಟ್ಟರು, ನನ್ನ ಕಾಲು ಏನಾದರೂ ತಟ್ಟೆಗೆ ತಾಗೀತು ಅನ್ನುವ ಹಾಗೆ ದೂರವೇ ಬಿಟ್ಟರು. ನಾನು ನಡೆದೆ. ನಗು ಮೆಲ್ಲಗೆ ಅಡಗಿತು. ನಮ್ಮೂರವರಿಗೆ ನನ್ನ ಉತ್ತರಗಳೆಂದರೆ ಸಿನಿಮಾದ ಹಾಗೆ, ಅದನ್ನೂ ಕೊನೆಯವರೆಗೆ ನೋಡಲು ಸಿಗಲಿಲ್ಲವಲ್ಲ ಅಂತ ಅವರಿಗೆ ಬೇಜಾರು.

“ಏನ್ಲಾ, ಏನೂ ಅನ್ನಲ್ವೇನ್ಲಾ?” ಅಂತ ಯಾರೋ ಕೇಳಿದರು. “ಅವ್ನ ಬ್ಯಾಟ್ರಿ ಮುಗುದೈತೆ” ಅಂದ ಇನ್ನೊಬ್ಬ. ಗುರುಸಿದ್ದಪ್ಪನ ದನಿ ಕೇಳಿತು, “ಹುಷಾರಿಲ್ವೇನಪ್ಪ ಶಾಂತರಾಜು? ಡಾಕ್ಟ್ರಮ್ಮಾ, ಸ್ವಲ್ಪ ನೋಡಿ ಇವ್ನ.” ಅದಂತೂ ನಿಜವಾದ ಕಾಳಜಿಯ ದನಿ, ಅದಕ್ಕೇ ಸಿಟ್ಟು ಇನ್ನೊಂದು ಗೇಣು ಏರಿತು. ನಡೆದೆ.

ಆಮೇಲೆ ಹಿಂದೆ ಎಲ್ಲರ ಮಾತೂ ನಿಂತುಹೋಯಿತು. ಆ ಸದ್ದಿಲ್ಲದ ಹೊತ್ತಲ್ಲಿ ಗಟಗಟ ಅಂತ ಕೇಳಿತು. ಚೊಂಬನ್ನು ಮೇಲೆತ್ತಿ, ಬಾಯಿಗೆ ತಾಗಿಸದೆ, ಹಳೆಯ ಕಾಲದವರು ಕುಡಿಯುವ ಹಾಗೆ ಕುಡಿದಳಂತೆ.

“ಬಾಯಾರ್ತಾ ಹೊಂಬಾಳಮ್ಮ?” ಬೋರಲಿಂಗಯ್ಯ ಕೇಳಿದ. “ನಂಗೆ ಬಾಯಾರ್ಲಿಲ್ವಲ್ಲ.”

“ನಂಗೂ ಇಲ್ಲ ಕಣಯ್ಯ. ಸುಳ್ಳು ನೀರು. ನೋಡಿ ಎಲ್ರೂ, ಕುಡ್ದಿದೀನಿ, ಸತ್ತಿಲ್ಲ. ಕುಡೀರಿ. ಏಯ್ ಹುಡ್ಗಿ, ಎದ್ದು ಜಡೆ ಹಾಕ್ಕ. ಈ ಎಣ್ಣೆ ತಗಂಡೋಗಿ ದೀಪಕ್ಕೆ ಹುಯ್ರಿ.”

ನನ್ನ ಕಾಲು ಒಂದು ಗಳಿಗೆ ತಡೆಯಿತು. ತಿರುಗಿ ನೋಡಬೇಡ ಅಂತ ಅವಳು ಹೇಳಿರಲಿಲ್ಲ, ಮಾತಾಡಬೇಡ ಅಂದಿದ್ದಳು. ಆದರೆ ತಿರುಗಿದರೆ ಮಾತಾಡಿಬಿಡುತ್ತೇನೆ ಅಂತ ನನಗೆ ನನ್ನ ಬಗ್ಗೆ ಗೊತ್ತು. ಸಿಟ್ಟು ಇನ್ನೂ ನೆತ್ತಿಯಲ್ಲೇ ಇತ್ತು, ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದನ್ನು ತುಂಬಿದ ಕೊಡದ ಹಾಗೆ ತಲೆಯ ಮೇಲೆ ಹೊತ್ತುಕೊಂಡು ತೇರಿನ ಬೀದಿ ದಾಟಿದೆ.

ಹಿಂದೆ ಗುಲ್ಲೆದ್ದಿತು. ಚೊಂಬು, ಕೊಡ, ಬಿಂದಿಗೆಗಳ ಸದ್ದು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಆಮೇಲೆ ಕೀಂಯ್ ಅಂತ ಒಂದು ಸದ್ದು. ಆ ಸದ್ದನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಅರಳಿ ಮರದ ಬುಡದಲ್ಲಿ ನನ್ನ ಗಾಡಿ ಇತ್ತಲ್ಲ, ಯಾರೋ ಗೋಲಿ ಒತ್ತಿದ್ದರು. ಇನ್ನೊಂದು ಕೀಂಯ್. ಮತ್ತೊಂದು. ಒತ್ತಲು ಬಾರದವನು ಯಾವನೋ ಬಾಟಲಿಯನ್ನು ಕಲ್ಲಿಗೆ ಬಡಿಯುತ್ತಿದ್ದ.

“ಶಾಂತರಾಜು, ಇದ್ರ ಗೋಲಿ ಹೋಗ್ತಿಲ್ಲ, ಹೆಂಗೋ ಒತ್ತೋದು?” ಅಂತ ಕೂಗಿದರು.

ಬಾಟಲಿ ಒಡೆದ ಸದ್ದಾಯಿತು.

“ಶಾಂತರಾಜು” ಅಂತ ಇಂದ್ರಾಣಿಯ ದನಿಯೂ ಕರೆಯಿತು. ಒಂದೇ ಸಲ. ಅದರಲ್ಲಿ ನಗು ಇತ್ತೋ, ಅಳು ಇತ್ತೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ.

ನನ್ನ ಮನೆಯ ಹೊಸಲು ಇನ್ನೂ ಒಂದು ಬೀದಿ ಆಚೆ ಇತ್ತು. ಹಲ್ಲು ಕಚ್ಚಿಕೊಂಡು, ತಿರುಗದೆ, ಆ ಕಡೆಗೇ ನಡೆದೆ.